ಸರಣಿ ಸೂಚಿಸುವಾಗ ವಯೋಮಿತಿಯನ್ನೂ ತಿಳಿಸಿ

ಉಡುಪಿಯ ಬಂಧುಗಳೇ, ಮಳೆಗಾಲದ ಸಂಜೆ ಮನೆಮಂದಿಯೆಲ್ಲ ಕುಳಿತು ನೋಡಲು ವೆಬ್ ಸರಣಿಗಳನ್ನು ಇಲ್ಲಿ ಸೂಚಿಸುವವರು ‘ತುಂಬಾ ಚೆನ್ನಾಗಿದೆ, ನೋಡಿ’ ಎಂದಷ್ಟೇ ಬರೆಯದೆ, ಅದು ಯಾವ ವಯಸ್ಸಿನವರಿಗೆ ತಕ್ಕದ್ದು ಎಂಬುದನ್ನೂ ದಯವಿಟ್ಟು ತಿಳಿಸಬೇಕು. ಕಳೆದ ವಾರ ಅಂಥದೊಂದು ಮಾತನ್ನು ನಂಬಿ ಅತ್ತೆ ಮತ್ತು ಹತ್ತು ವರ್ಷದ ಮಗಳೊಂದಿಗೆ ನೋಡಲು ಕುಳಿತಿದ್ದ ನಾನು, ಎರಡನೇ ಕಂತಿನ ರಕ್ತಪಾತದ ದೃಶ್ಯಕ್ಕೆ ಮಗಳು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಾಗ ಟಿ.ವಿ. ಆರಿಸಬೇಕಾಯಿತು.

2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿ (ಅಂತರ್ಜಾಲದ ಮೂಲಕ ನೋಡುವ) ಸರಣಿಗಳಿಗೆ ಯು (ಎಲ್ಲರಿಗೂ), ಯು/ಎ 7+, ಯು/ಎ 13+, ಯು/ಎ 16+ (ಆ ವಯಸ್ಸಿಗಿಂತ ಚಿಕ್ಕವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬೇಕಾದವು) ಅಥವಾ ಎ (ವಯಸ್ಕರಿಗೆ ಮಾತ್ರ) ಎಂಬ ಗುರುತು ಇರಲೇಬೇಕು. ಹಿಂಸೆ, ಬೈಗುಳ ಮುಂತಾದವುಗಳ ಸೂಚನೆಯೂ ಅದರ ಜೊತೆಗಿರುತ್ತದೆ. ಅದನ್ನು ನೋಡಿ ಒಂದು ಸಾಲು ಬರೆದರೆ ಸಾಕು. ಯು/ಎ 13+ ಮತ್ತು ಅದಕ್ಕೂ ಮೇಲಿನವುಗಳಿಗೆ ಪೇರೆಂಟಲ್ ಲಾಕ್ (ಮಕ್ಕಳು ತೆರೆಯದಂತೆ ಹೆತ್ತವರು ಹಾಕುವ ಬೀಗ) ಸೌಲಭ್ಯ ಕಡ್ಡಾಯವಾದ್ದರಿಂದ, ಮಕ್ಕಳಿರುವ ಮನೆಯವರು ಸೆಟ್ಟಿಂಗ್ಸ್‌ಗೆ ಹೋಗಿ ಇಂದೇ ಪಿನ್ ಹಾಕಿಕೊಳ್ಳಿ.

ಎಲ್ಲಿ ಸಿಗುತ್ತದೆ ಎಂಬುದನ್ನೂ ಬರೆಯಿರಿ. ನಮ್ಮ ಕರಾವಳಿಯ ಏಳು ಕತೆಗಳಿರುವ ‘ಏಕಂ’ ಸರಣಿ 2024ರ ಜುಲೈಯಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಯಿತು; ಹೆಸರನ್ನು ಮಾತ್ರ ಕೇಳಿದವರು ಅದನ್ನು ಬೇರೆ ಆ್ಯಪ್‌ಗಳಲ್ಲಿ ಹುಡುಕುತ್ತಿದ್ದರು. ಹಿರಿಯರಿಗಾಗಿ ಕನ್ನಡ ಡಬ್ಬಿಂಗ್ ಇದೆಯೇ ಎಂದು ಹೇಳಿ, ಕತೆಯ ತಿರುವನ್ನು ಮಾತ್ರ ಬಿಟ್ಟುಕೊಡಬೇಡಿ.