ಚೆಕ್ ಹಾಕಿದ ತಕ್ಷಣ ಹಣ ಬಂತೆಂದು ಲೆಕ್ಕ ಹಾಕಬೇಡಿ

ಸ್ವಂತ ಉದ್ಯೋಗದವರ ಗಮನಕ್ಕೆ. ಚೆಕ್ ಜಮಾ ಮಾಡಿದ ಮೇಲೆ ಖಾತೆಯಲ್ಲಿ ಒಟ್ಟು ಬ್ಯಾಲೆನ್ಸ್ ಏರಿದ್ದು ಕಂಡರೂ, ಕೊಟ್ಟವರ ಬ್ಯಾಂಕ್ ಒಪ್ಪುವವರೆಗೆ ಅದು ಕ್ಲಿಯರ್ ಆಗಿರುವುದಿಲ್ಲ. ‘ಲಭ್ಯ ಬ್ಯಾಲೆನ್ಸ್’, ಅಂದರೆ ಈಗಲೇ ಬಳಸಬಹುದಾದ ಹಣ, ಎಷ್ಟಿದೆ ಎಂದು ನೋಡಿಯೇ ಮುಂದಿನ ಚೆಕ್ ಬರೆಯಿರಿ. ಇಲ್ಲವಾದರೆ ಬಂದ ಚೆಕ್ಕೂ ಬೌನ್ಸ್, ಕೊಟ್ಟ ಚೆಕ್ಕೂ ಬೌನ್ಸ್. ಎರಡಕ್ಕೂ ಶುಲ್ಕ ನಿಮ್ಮ ಖಾತೆಯಿಂದಲೇ ಕಡಿತವಾಗಬಹುದು.

ನಮ್ಮಂಥವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಗಿರಾಕಿ ಅಂಗಡಿಯ ಹೆಸರಿಗೆ ಚೆಕ್ ಬರೆಯುತ್ತಾರೆ, ಖಾತೆ ಇರುವುದು ಸ್ವಂತ ಹೆಸರಿನಲ್ಲಿ. ಹಾಗಾಗಿ ಖಾತೆಯ ಹೆಸರನ್ನು ಅಕ್ಷರಶಃ ಬಿಲ್ಲಿನ ಮೇಲೆಯೇ ಅಚ್ಚು ಹಾಕಿಸಿ. ಚೆಕ್ ಕೈಗೆ ಬಂದಾಗ ಅವರ ಎದುರಿಗೇ ದಿನಾಂಕ, ಸಹಿ, ಅಂಕಿ ಮತ್ತು ಅಕ್ಷರದ ಮೊತ್ತ ಸರಿಹೊಂದುತ್ತವೆಯೇ ನೋಡಿ. ತಿದ್ದಿದ್ದರೆ ಹೊಸದು ಕೇಳಿ, ಸಂಕೋಚ ಬೇಡ.

ಬ್ಯಾಂಕ್ ಗೊತ್ತು ಮಾಡಿದ ಸಮಯ ಮೀರಿದ ಮೇಲೆ ಡ್ರಾಪ್ ಬಾಕ್ಸಿಗೆ ಹಾಕಿದ ಚೆಕ್ ಮುಂದಿನ ಕೆಲಸದ ದಿನದ ಲೆಕ್ಕಕ್ಕೆ ಹೋಗುತ್ತದೆ. ದೊಡ್ಡ ಮೊತ್ತವಾದರೆ ಕೌಂಟರಿನಲ್ಲೇ ಕೊಟ್ಟು ಮುದ್ರೆ ಹಾಕಿದ ರಸೀದಿ ಪಡೆಯಿರಿ. ಮೊದಲೇ ಎರಡೂ ಬದಿಯ ಫೋಟೊ ತೆಗೆದಿರಲಿ.

ವಾಪಸಾದರೆ ಕಾರಣದ ಚೀಟಿ ಓದಿ. ಹಣ ಸಾಲದೆ ಬಂದಿದ್ದರೆ, ಗಿರಾಕಿ ಹಣ ತುಂಬಿದ್ದಾರೆಂದು ಖಚಿತವಾಗದೆ ಮತ್ತೆ ಹಾಕಬೇಡಿ, ಇನ್ನೊಮ್ಮೆ ಶುಲ್ಕ ಬೀಳುತ್ತದೆ. ಸಹಿ ವ್ಯತ್ಯಾಸಕ್ಕೆ ಹೊಸ ಚೆಕ್ಕೇ ಬೇಕು.