ಸೇತುವೆ ತಪ್ಪಿಸಿ ಹೋದ ದಾರಿ

2021ರ ಫೆಬ್ರವರಿ 16. ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಪಕ್ಕದ ಪ್ಲೇನೋ ಊರಲ್ಲಿ ನಮ್ಮ ಮನೆಯ ಕರೆಂಟ್ ಹೋಗಿ ಒಂದು ದಿನದ ಮೇಲಾಗಿತ್ತು. ಸ್ವೆಟರ್ ಮೇಲೆ ಸ್ವೆಟರ್ ಹಾಕಿದರೂ ಮಗಳ ಕೈ ತಣ್ಣಗೇ ಇತ್ತು. ಆರು ಕಿಲೋಮೀಟರ್ ಆಚೆ ಗೆಳೆಯರ ಮನೆಯಲ್ಲಿ ಕರೆಂಟ್ ಇತ್ತು. "ಸುಮ್ನೆ ಇಲ್ಲಿಗೆ ಬಂದುಬಿಡಿ" ಅಂದರು. ಹೊರಡೋಣವೋ ಬೇಡವೋ ಎಂದು ನಾನೂ ಹೆಂಡತಿಯೂ ಒಂದು ಗಂಟೆ ಮಾತಾಡಿದೆವು.

ಹೆಪ್ಪುಗಟ್ಟಿದ ರಸ್ತೆಯ ಭಯಕ್ಕೆ ಕಾರಣವಿತ್ತು. ಐದು ದಿನ ಮೊದಲು, 11ರ ಬೆಳಿಗ್ಗೆ, ಹತ್ತಿರದ ಫೋರ್ಟ್ ವರ್ತ್‌ನ ಹೆದ್ದಾರಿಯಲ್ಲಿ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ ಆರು ಜನ ತೀರಿಹೋಗಿದ್ದರು. ಅಲ್ಲಿ ಹಿಮದ ರಾಶಿ ಇರಲಿಲ್ಲ. ತುಂತುರು ಮಳೆ ಬಿದ್ದಲ್ಲೇ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು, ಅಷ್ಟೆ. ನೋಡಿದರೆ ಒದ್ದೆ ರಸ್ತೆ ಅನಿಸುತ್ತದೆ.

ಉತ್ತರದ ರಾಜ್ಯಗಳಲ್ಲಿರುವ ಗೆಳೆಯರಿಗೆ ಇದು ಅರ್ಥವಾಗುವುದು ಕಷ್ಟ. ಅಲ್ಲಿ ಹಿಮ ತಳ್ಳುವ ಲಾರಿಗಳಿವೆ, ಚಳಿಗಾಲದ ಟೈರ್ ಹಾಕಿಸುತ್ತಾರೆ, ಜನಕ್ಕೆ ವರ್ಷವೂ ಅಭ್ಯಾಸ. ನಮ್ಮಲ್ಲಿ 16ರಂದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಸುಮಾರು ಮೈನಸ್ 19 ಡಿಗ್ರಿ. 1949ರ ನಂತರ ಇಷ್ಟು ಚಳಿ ಬಂದಿರಲಿಲ್ಲ. ಉಪ್ಪು ಚೆಲ್ಲಿದರೂ ಅಷ್ಟು ಚಳಿಯಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಪಕ್ಕದಲ್ಲಿ ಓಡಿಸುವವನೂ ನನ್ನ ಹಾಗೇ ಇಂಥ ರಸ್ತೆಗೆ ಹೊಸಬ, ಅಲ್ವಾ? ನನಗೆ ಜಾಸ್ತಿ ಹೆದರಿಕೆ ಅದರದ್ದೇ.

ಗ್ಯಾರೇಜ್ ಬಾಗಿಲು ಕರೆಂಟಿನದ್ದು. ಬಾಗಿಲನ್ನು ಮೋಟರಿನಿಂದ ಬಿಡಿಸುವ ಕೆಂಪು ಹಗ್ಗ ಎಳೆದು ಕೈಯಲ್ಲೇ ಎತ್ತಿದೆ. ಕಾರನ್ನು ಪೂರ್ತಿ ಹೊರಗೆ ತಂದ ಮೇಲೇ ಬಿಸಿಯಾಗಲು ಬಿಟ್ಟೆ. ಗ್ಯಾರೇಜ್ ಒಳಗೆ ಎಂಜಿನ್ ಓಡುತ್ತಿದ್ದರೆ ವಿಷದ ಹೊಗೆ ಮನೆಯೊಳಗೇ ಸೇರುತ್ತದೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಡಿಕ್ಕಿಯಲ್ಲಿ ಕಂಬಳಿ, ನೀರು, ಹೂಕುಂಡಕ್ಕೆ ತಂದಿದ್ದ ಮರಳಿನ ಚೀಲ ಇಟ್ಟೆ. ಚಕ್ರ ಸುಮ್ನೆ ತಿರುಗತೊಡಗಿದರೆ ಮುಂದೆ ಸುರಿಯಲು ಮರಳು ಬೇಕು.

ದಾರಿ ಆರಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಸೇತುವೆಗೆ ಮೇಲೂ ಕೆಳಗೂ ಗಾಳಿ, ನೆಲದ ಬಿಸಿ ಸಿಗುವುದಿಲ್ಲ. ಹಾಗಾಗಿ ಅದು ಮೊದಲು ಹೆಪ್ಪುಗಟ್ಟುತ್ತದೆ. ಏರು, ಇಳಿಜಾರು ಬೇರೆ. ಹೆದ್ದಾರಿಯನ್ನು ಮೇಲಿಂದ ದಾಟುವ ರಸ್ತೆ ಬಿಟ್ಟು, ಕೆಳಗೆ ನುಸುಳುವ ಒಳರಸ್ತೆ ಹಿಡಿದೆ.

ನಾನು ಕಾರು ಕಲಿತದ್ದು ಆಗುಂಬೆ ಕಡೆ. ಮಳೆಗಾಲದಲ್ಲಿ ಘಾಟಿ ಇಳಿಯುವಾಗ ಅಪ್ಪ ಹೇಳುತ್ತಿದ್ದರು: "ಬ್ರೇಕ್ ನಂಬ್ಬೇಡ ಮಗಾ, ಗೇರಲ್ಲಿ ಇಳಿಸು." ಇಲ್ಲೂ ಅದನ್ನೇ ಮಾಡಿದೆ. ಕೆಳಗಿನ ಗೇರ್, ಗಂಟೆಗೆ 15-20 ಕಿಲೋಮೀಟರ್. ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ.

ಆದರೂ ಒಂದು ಕಡೆ ಜಾರಿತು. ಸಿಗ್ನಲ್ ದೀಪ ಆರಿತ್ತು. ಬಹಳ ಮುಂಚೆಯೇ ಬ್ರೇಕ್ ಒತ್ತಿದ್ದೆ. ಕಾಲಡಿ ಪೆಡಲ್ ಗಡಗಡ ನಡುಗಿತು, ಕಾರು ಮಾತ್ರ ತನ್ನಷ್ಟಕ್ಕೆ ಮುಂದೆ ಹೋಗುತ್ತಿತ್ತು. ಆ ನಡುಕ ಎಬಿಎಸ್‌ನದ್ದು. ಚಕ್ರ ಲಾಕ್ ಆಗದಂತೆ ಅದು ನೋಡಿಕೊಳ್ಳುತ್ತದೆ, ಇಲ್ಲದ ಹಿಡಿತವನ್ನು ಎಲ್ಲಿಂದ ತರುತ್ತದೆ? ಪೆಡಲ್ ಬಿಡಲಿಲ್ಲ, ಸ್ಟೀರಿಂಗ್ ಎಳೆದಾಡಲಿಲ್ಲ. ಗೆರೆ ದಾಟಿ ಅರ್ಧ ಕಾರಿನಷ್ಟು ಮುಂದೆ ಹೋಗಿ ನಿಂತಿತು. ಎದುರು ಯಾರೂ ಬರಲಿಲ್ಲ. ಬಂದಿದ್ದರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಹತ್ತು ನಿಮಿಷದ ದಾರಿಗೆ ಮೂವತ್ತೈದು ನಿಮಿಷವಾಯಿತು. ಗೆಳೆಯರ ಮನೆಯಲ್ಲಿ ಬಿಸಿ ಸಾರು ಕುಡಿಯುವಾಗಲೂ ನನ್ನ ಬೆರಳು ಸ್ಟೀರಿಂಗ್ ಹಿಡಿದ ಹಾಗೇ ಮಡಚಿಕೊಂಡಿತ್ತು.

20ರಂದು ಬಿಸಿಲು ಬಂದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬಂದೆವು. ರಸ್ತೆ ಒಣಗಿತ್ತು. ಹೆದ್ದಾರಿಯ ಕೆಳಗಿನ ನೆರಳಲ್ಲಿ ಮಾತ್ರ ಇನ್ನೂ ಮಂಜುಗಡ್ಡೆ ಉಳಿದಿತ್ತು. ಅಲ್ಲಿ ಮತ್ತೆ ಗೇರ್ ಇಳಿಸಿದೆ.