ಸ್ವಿಚ್ ಆಫ್ ಮಾಡಿದ ಮೇಲೂ ಟಕ್ ಟಕ್

ಅಮ್ಮನ ರೂಮಿನ ಫ್ಯಾನು ಯುಗಾದಿ ಹೊತ್ತಿಗೆ ಶುರುಮಾಡಿತು. ರೆಗ್ಯುಲೇಟರ್ 3ರಲ್ಲಿ ಇಟ್ಟರೆ ಸುತ್ತಿಗೊಂದು ಟಕ್. 5ಕ್ಕೆ ಹಾಕಿದರೆ ಗಾಳಿ ಸದ್ದಿನಲ್ಲಿ ಅಷ್ಟಾಗಿ ಕೇಳಿಸದು, ಆದರೆ ಅಮ್ಮನಿಗೆ ಬೆಳಿಗ್ಗೆ ನೆಗಡಿ. ಪರಿಚಯದ ಎಲೆಕ್ಟ್ರಿಷಿಯನ್ ಕೆಳಗಿನಿಂದಲೇ ತಲೆಯೆತ್ತಿ ನೋಡಿ, "ಬೇರಿಂಗ್ ಹೋಗಿದೆ ಸಾರ್, ಬಿಚ್ಕೊಂಡು ಹೋಗ್ತೀನಿ" ಅಂದ. ಒಂದು ದಿನ ತಡಿಯಪ್ಪಾ ಅಂದೆ.

ಆ ರಾತ್ರಿ ಫುಲ್ ಸ್ಪೀಡಿಗೆ ಹಾಕಿ, ಸ್ವಿಚ್ ಆಫ್ ಮಾಡಿ, ಕಿವಿಗೊಟ್ಟು ನಿಂತೆ. ಕರೆಂಟು ಹೋದ ಕೂಡಲೇ ಸದ್ದೂ ನಿಂತರೆ ಅದು ಕರೆಂಟಿನ ಸದ್ದು. ಫ್ಯಾನಿನ ಜೊತೆಗೇ ನಿಧಾನವಾಗುತ್ತಾ ಬಂದರೆ ಎಲ್ಲೋ ಏನೋ ಸಡಿಲ, ಇಲ್ಲಾ ಸವೆದಿದೆ. ನಮ್ಮದು ಎರಡನೆಯದು. ಟಕ್... ಟಕ್..... ಟಕ್. ಬೇರಿಂಗ್ ಸವೆದಿದ್ದರೆ ಸಾಮಾನ್ಯವಾಗಿ ಬೀಸುವ ಕಲ್ಲಿನ ಥರ ಒಂದೇ ಸಮನೆ ಗರಗರ ಅನ್ನುತ್ತದೆ. ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿದೆ, ನುಣ್ಣಗೆ ತಿರುಗಿತು.

ಬೆಳಿಗ್ಗೆ ಎಂಸಿಬಿ, ಅಂದರೆ ಬೋರ್ಡಿನಲ್ಲಿ ಆ ಲೈನಿನ ಕರೆಂಟನ್ನೇ ಕಡಿಯುವ ಸ್ವಿಚ್ಚು, ಇಳಿಸಿ ಏಣಿ ಹತ್ತಿದೆ. ಗೋಡೆ ಸ್ವಿಚ್ ಒಂದನ್ನೇ ನಂಬಬೇಡಿ. ಹಳೇ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ಲಿಗೆ (ಕರೆಂಟು ವಾಪಸ್ ಹೋಗುವ ತಂತಿಗೆ) ಹಾಕಿರುವುದೂ ಉಂಟು, ಆಗ ಆಫ್ ಇದ್ದರೂ ಫ್ಯಾನಿಗೆ ಫೇಸ್, ಅಂದರೆ ಶಾಕ್ ಹೊಡೆಯುವ ಕರೆಂಟು, ಬರುತ್ತಲೇ ಇರುತ್ತದೆ. ರೆಕ್ಕೆಯ ಎರಡು ಸ್ಕ್ರೂ ಸಡಿಲವಾಗಿದ್ದವು, ಬಿಗಿಮಾಡಿದೆ. ಅಂಚಿನ ಧೂಳು ಒರೆಸಿದೆ. ಓಲಾಡುವುದು ಕಮ್ಮಿಯಾಯಿತು, ಟಕ್ ಮಾತ್ರ ಹೋಗಲಿಲ್ಲ.

ಆಮೇಲೆ ಸೂರಿನ ಹತ್ತಿರ ಕೊಕ್ಕೆ ಮುಚ್ಚಿರುವ ಬಟ್ಟಲಿನಂಥ ಮುಚ್ಚಳವನ್ನು ಕೆಳಗೆ ಜಾರಿಸಿದೆ. ಒಳಗಿಂದ ಕಪ್ಪು ಪುಡಿ ಮುಖದ ಮೇಲೇ ಉದುರಿತು. ಕೊಕ್ಕೆಗೂ ಫ್ಯಾನು ತೂಗುವ ಬೋಲ್ಟಿಗೂ ನಡುವೆ ಮೆತ್ತೆಯಂತೆ ಇರುವ ರಬ್ಬರ್ ಬುಶ್ ಸೀಳಿ, ಅರ್ಧ ಪುಡಿಯಾಗಿತ್ತು. ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು, ಇನ್ನೇನು!

ಬುಶ್ ಬದಲಿಸಲು ಇಬ್ಬರು ಬೇಕೇ ಬೇಕು. ಭಾವಮೈದುನ ಮಂಚದ ಮೇಲೆ ಸ್ಟೂಲಿಟ್ಟು ನಿಲ್ಲಲು ಹೊರಟ, ಬೈದು ಇನ್ನೊಂದು ಏಣಿ ತರಿಸಿದೆ. ಅವನು ಮೋಟರಿಗೆ ಎರಡೂ ಕೈ ಕೊಟ್ಟು ಭಾರ ಎತ್ತಿ ಹಿಡಿದ, ನಾನು ಸ್ಪ್ಲಿಟ್ ಪಿನ್ (ಬೋಲ್ಟು ಜಾರದಂತೆ ತಡೆಯುವ ಎರಡು ಕಾಲಿನ ಪಿನ್) ನೆಟ್ಟಗೆ ಮಾಡಿ ಎಳೆದು ಬೋಲ್ಟು ತೆಗೆದೆ. ಹಳೇ ಬುಶ್ಶನ್ನೇ ಅಂಗಡಿಗೆ ಒಯ್ದು ಅದೇ ಸೈಜಿನದು ತಂದೆ. ಸೈಕಲ್ ಟ್ಯೂಬು ಸುತ್ತಿದರೂ ಆಗುತ್ತೆ ಅಂದವರಿದ್ದಾರೆ. ತಲೆ ಮೇಲೆ ತೂಗುವ ವಸ್ತು, ನನಗೆ ಧೈರ್ಯ ಬರಲಿಲ್ಲ. ಹಳೇ ಪಿನ್ ಮತ್ತೆ ಬಗ್ಗಿಸಿದರೆ ಮುರಿಯಬಹುದು, ಅದನ್ನೂ ಹೊಸದೇ ಹಾಕಿ ಎರಡೂ ಕಾಲು ಅಗಲಿಸಿ ಮಡಚಿದೆ.

ಈಗ ಅಮ್ಮ 3ರಲ್ಲೇ ಮಲಗುತ್ತಾರೆ. 1ರಲ್ಲಿ ಇಟ್ಟರೆ ಸಣ್ಣಗೆ ಗುಂಯ್ ಅನ್ನುತ್ತದೆ, ಆಫ್ ಮಾಡಿದ ಕೂಡಲೇ ನಿಲ್ಲುತ್ತದೆ. ಅದು ರೆಗ್ಯುಲೇಟರ್ ಕಥೆ. ಸದ್ಯಕ್ಕೆ ಬಿಟ್ಟಿದ್ದೇನೆ.